ಅರ್ಧಕ್ಕಿಂತ ಒಂದು ಮತ ಜಾಸ್ತಿ ಬಿದ್ದರೆ ಆಲ್ಬರ್ಟಾ ಬೇರೆ ದೇಶವಾಗುತ್ತದೆಯೇ?

ಪ್ರಶ್ನೆ: ನಾನು ಕ್ಯಾಲ್ಗರಿಯಲ್ಲಿ ಕೆಲಸ ಮಾಡುವ ಕನ್ನಡಿಗ. ಆಫೀಸಿನಲ್ಲಿ ಊಟಕ್ಕೆ ಕೂತರೆ ಈಗ ಒಂದೇ ಮಾತು, ಆಲ್ಬರ್ಟಾ ಕೆನಡಾ ಬಿಟ್ಟು ಹೋಗಬೇಕೋ ಬೇಡವೋ ಅಂತ. ಜನಮತದಲ್ಲಿ (ರೆಫರೆಂಡಂನಲ್ಲಿ) ಅರ್ಧಕ್ಕಿಂತ ಒಂದು ಮತ ಜಾಸ್ತಿ ಬಂದರೆ ಸಾಕು, ಕೆಲಸ ಮುಗೀತು ಎನ್ನುತ್ತಾರೆ ಕೆಲವರು. ಇದು ನಿಜವೇ? ಪೌರತ್ವ ಇಲ್ಲದೆ ಕಾಯಂ ನಿವಾಸಿಗಳಾಗಿರುವ ನಮ್ಮಂಥ ಪಿಆರ್‌ಗಳ ಗತಿ ಏನು? ಈ ಪ್ರಾಂತ್ಯಗಳು ಮೊದಲು ಸೇರಿಕೊಂಡಿದ್ದಾದರೂ ಹೇಗೆ? ಭಾರತದಲ್ಲಿ ಇಂಥ ನಿಯಮ ಇದೆಯೇ?

ಉತ್ತರ: ಇಲ್ಲ, ಅಷ್ಟಕ್ಕೆ ಮುಗಿಯುವುದಿಲ್ಲ. ಕೆನಡಾದಲ್ಲಿ ಬರೀ ಜನಮತದ ಬಲದಿಂದ ಯಾವ ಪ್ರಾಂತ್ಯವೂ ಹೊರಗೆ ಹೋಗಲಾರದು. ಜನಮತ ಗೆದ್ದರೆ ಉಳಿದವರು ಮಾತುಕತೆಗೆ ಕೂರಲೇಬೇಕಾಗುತ್ತದೆ, ಅಷ್ಟೇ. ಅದಕ್ಕೂ ಎರಡು ಷರತ್ತಿದೆ. ಕೇಳಿದ ಪ್ರಶ್ನೆ ಸ್ಪಷ್ಟವಾಗಿರಬೇಕು, ಬಂದ ಬಹುಮತವೂ ಸ್ಪಷ್ಟವಾಗಿರಬೇಕು. ಮಾತುಕತೆ ಮುಗಿದು, ಸಂವಿಧಾನಕ್ಕೆ ತಿದ್ದುಪಡಿ ಆದ ದಿನವೇ ಪ್ರಾಂತ್ಯ ಬೇರೆಯಾಗುವುದು. ಅಲ್ಲಿಯವರೆಗೆ ನಿಮ್ಮ ಪಿಆರ್ ಕಾರ್ಡು, ಕೇಂದ್ರ ಸರ್ಕಾರಕ್ಕೆ ಕಟ್ಟುವ ತೆರಿಗೆ, ಕೆನಡಾ ಪಿಂಚಣಿ ಎಲ್ಲವೂ ಈಗ ಹೇಗಿದೆಯೋ ಹಾಗೇ ಇರುತ್ತವೆ.

ಆಲ್ಬರ್ಟಾದ ರಾಜಕೀಯ ವಾರಕ್ಕೊಂದು ತಿರುವು ತೆಗೆದುಕೊಳ್ಳುತ್ತಿದೆ. 2025ರಲ್ಲಿ ಅಲ್ಲಿನ ಸರ್ಕಾರ ನಾಗರಿಕರ ಅರ್ಜಿಯ ಮೂಲಕ ಜನಮತ ಕೇಳಲು ಬೇಕಾದ ಸಹಿಗಳ ಸಂಖ್ಯೆಯನ್ನು ಕಡಿಮೆ ಮಾಡಿತು. ಗದ್ದಲ ಜೋರಾಗಿದ್ದು ಆಗಿನಿಂದ. ರಾಜಕೀಯ ಎತ್ತ ಹೋದರೂ ಕೆಳಗಿರುವ ಕಾನೂನು ಅದೇ. ಅದು ಹುಟ್ಟಿದ್ದು ಫ್ರೆಂಚ್ ಮಾತಾಡುವ ಪ್ರಾಂತ್ಯ ಕ್ವಿಬೆಕ್‌ನಲ್ಲಿ. ಹಾಗಾಗಿ ಅಲ್ಲಿಂದಲೇ ಶುರು ಮಾಡಬೇಕು.

1867ರಲ್ಲಿ ಒಂಟಾರಿಯೊ, ಕ್ವಿಬೆಕ್, ನೋವಾ ಸ್ಕೋಶಿಯಾ, ನ್ಯೂ ಬ್ರನ್ಸ್‌ವಿಕ್ ಸೇರಿ ಕೆನಡಾ ಒಕ್ಕೂಟ ಆಯಿತು. ಆ ವರ್ಷದ ಕಾಯ್ದೆಯ 146ನೇ ಸೆಕ್ಷನ್‌ನಲ್ಲಿ ಬೇರೆ ವಸಾಹತುಗಳು ಬಂದು ಸೇರುವ ದಾರಿ ಬರೆದಿದ್ದರು. ಬಿಟ್ಟು ಹೋಗುವ ಬಗ್ಗೆ ಒಂದು ಸಾಲೂ ಇರಲಿಲ್ಲ. ಇದರ ಬಿಸಿ ಮೊದಲ ವರ್ಷವೇ ತಟ್ಟಿತು. ನೋವಾ ಸ್ಕೋಶಿಯಾದ ಜನ ಒಕ್ಕೂಟವೇ ಬೇಡ ಎಂದು 19 ಫೆಡರಲ್ ಸ್ಥಾನಗಳಲ್ಲಿ 18ನ್ನು ವಿರೋಧಿಗಳಿಗೆ ಕೊಟ್ಟರು. ಅವರ ನಾಯಕ ಜೋಸೆಫ್ ಹೌ ಲಂಡನ್‌ಗೆ ಹೋಗಿ ಬಿಡುಗಡೆ ಕೇಳಿದರು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ವಾಪಸ್ ಬಂದ ಹೌ, ಪ್ರಾಂತ್ಯಕ್ಕೆ ಹೆಚ್ಚು ಅನುದಾನ ಮಾತಾಡಿಕೊಂಡು, 1869ರಲ್ಲಿ ಪ್ರಧಾನಿ ಮ್ಯಾಕ್‌ಡೊನಾಲ್ಡ್ ಸಂಪುಟವನ್ನೇ ಸೇರಿದರು.

ಕ್ವಿಬೆಕ್ ವಿಷಯ ಇಷ್ಟು ಸಲೀಸಲ್ಲ. ಅಲ್ಲಿ ಭಾಷೆ ಇದೆ, ಬೇರೆ ಕಾನೂನು ಪರಂಪರೆ ಇದೆ, ಹಳೆಯ ನೋವೂ ಇದೆ. ಬೇರೆಯಾಗುವ ಮಾತುಕತೆಗೆ ಅನುಮತಿ ಕೇಳಿದ 1980ರ ಜನಮತದಲ್ಲಿ ಸುಮಾರು ಶೇ. 60 ಜನ ಬೇಡ ಎಂದರು. ಎರಡು ವರ್ಷದ ನಂತರ ಕೆನಡಾ ಬ್ರಿಟನ್ನಿನಿಂದ ತನ್ನ ಸಂವಿಧಾನವನ್ನು ಪೂರ್ತಿಯಾಗಿ ತನ್ನ ಕೈಗೆ ತೆಗೆದುಕೊಂಡಿತು. ಕ್ವಿಬೆಕ್ ಸರ್ಕಾರ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ಆದರೂ ಆ ಸಂವಿಧಾನ ಅದಕ್ಕೂ ಅನ್ವಯವಾಯಿತು. ಈ ಸಿಟ್ಟು ಆರಿಸಲು ಮಾಡಿದ ಎರಡು ದೊಡ್ಡ ಪ್ರಯತ್ನಗಳು 1990ರಲ್ಲಿ ಮತ್ತು 1992ರಲ್ಲಿ ಬಿದ್ದುಹೋದವು.

ಆಮೇಲೆ ಬಂತು 1995ರ ಅಕ್ಟೋಬರ್ 30, ಕ್ವಿಬೆಕ್‌ನ ಎರಡನೇ ಜನಮತದ ದಿನ. ಆ ದಿನದ ಲೆಕ್ಕ ನೋಡಿದರೆ ಈಗಲೂ ಎದೆ ಝಲ್ ಎನ್ನುತ್ತದೆ. ಮತ ಹಾಕಿದವರು ಶೇ. 93.5. ಬೇಡ ಎಂದವರು ಶೇ. 50.58, ಬೇಕು ಎಂದವರು ಶೇ. 49.42. ಅಂತರ 54,288 ಮತ. ತಿರಸ್ಕೃತ ಮತಪತ್ರಗಳೇ 86 ಸಾವಿರಕ್ಕಿಂತ ಜಾಸ್ತಿ ಇದ್ದವು. ಅಂದರೆ ಗೆಲುವಿನ ಅಂತರಕ್ಕಿಂತ ತಿರಸ್ಕೃತ ಮತಗಳೇ ಹೆಚ್ಚು.

ಅಂದು ಕೇಳಿದ ಪ್ರಶ್ನೆಯನ್ನೂ ಸ್ವಲ್ಪ ಹತ್ತಿರದಿಂದ ನೋಡಿ. 'ಕ್ವಿಬೆಕ್ ಬೇರೆ ದೇಶ ಆಗಬೇಕೇ?' ಎಂದು ಅದು ಕೇಳಲಿಲ್ಲ. ಕೆನಡಾಕ್ಕೆ ಹೊಸ ಆರ್ಥಿಕ ಮತ್ತು ರಾಜಕೀಯ ಪಾಲುದಾರಿಕೆಯ ಪ್ರಸ್ತಾವ ಕೊಟ್ಟ ನಂತರ, ಕ್ವಿಬೆಕ್ ಭವಿಷ್ಯದ ಮಸೂದೆಯ ಮತ್ತು 1995ರ ಜೂನ್ 12ರಂದು ಸಹಿಯಾದ ಒಪ್ಪಂದದ ಚೌಕಟ್ಟಿನಲ್ಲಿ, ಕ್ವಿಬೆಕ್ ಸಾರ್ವಭೌಮ ಆಗುವುದಕ್ಕೆ ನೀವು ಒಪ್ಪುತ್ತೀರಾ ಎಂದು ಕೇಳಿತು. ಜೂನ್ 12ರ ಒಪ್ಪಂದ ಯಾರ ಯಾರ ನಡುವೆ ಆಗಿದ್ದು? ಕೆನಡಾ ಸರ್ಕಾರದ ಜೊತೆ ಅಲ್ಲ. ಪಾರಿಜೊ, ಬುಶಾರ್, ಡ್ಯೂಮಾಂ ಎಂಬ ಕ್ವಿಬೆಕ್‌ನ ಮೂವರು ನಾಯಕರು ತಮ್ಮತಮ್ಮಲ್ಲೇ ಮಾಡಿಕೊಂಡದ್ದು. ಮತಪತ್ರ ಓದಿದವನಿಗೆ ಇದು ತಿಳಿಯುವಂತಿರಲಿಲ್ಲ. ಕೆನಡಾ ಆಗಲೇ ಏನೋ ಒಪ್ಪಿಕೊಂಡಿದೆ ಎಂದು ತಿಳಿದು ಒಬ್ಬ ಮತದಾರ 'ಬೇಕು' ಎಂದಿದ್ದರೆ ಅವನದೇನು ತಪ್ಪು?

ಇಷ್ಟು ಹತ್ತಿರ ಬಂದು ಹೋದ ಮೇಲೆ ಕೇಂದ್ರ ಸರ್ಕಾರ ಕಣ್ಣುಬಿಟ್ಟಿತು. 1996ರಲ್ಲಿ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿತು. ಕೆನಡಾದ ಸಂವಿಧಾನದ ಪ್ರಕಾರ ಕ್ವಿಬೆಕ್ ಏಕಪಕ್ಷೀಯವಾಗಿ ಬೇರೆ ಹೋಗಬಹುದೇ? ಅಂತರರಾಷ್ಟ್ರೀಯ ಕಾನೂನು ಆ ಹಕ್ಕು ಕೊಡುತ್ತದೆಯೇ? ಎರಡಕ್ಕೂ ಬೇರೆ ಬೇರೆ ಉತ್ತರ ಬಂದರೆ ಯಾವುದು ನಡೆಯಬೇಕು? ಕ್ವಿಬೆಕ್ ಸರ್ಕಾರ ವಾದಕ್ಕೆ ಬರಲು ಒಪ್ಪಲಿಲ್ಲ. ಆ ಪಕ್ಷದ ಮಾತು ಹೇಳಲು ಕೋರ್ಟೇ ಒಬ್ಬ ವಕೀಲರನ್ನು ನೇಮಿಸಿತು.

1998ರ ಆಗಸ್ಟ್ 20ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದ ಅಭಿಪ್ರಾಯ ಕೊಟ್ಟರು. ಒಕ್ಕೂಟಗಳ ಬಗ್ಗೆ ಯಾವ ದೇಶದ ಕೋರ್ಟು ಬರೆದದ್ದರಲ್ಲೂ ನಾನು ಇದನ್ನೇ ಮೇಲಿಡುತ್ತೇನೆ. ಸಂವಿಧಾನದಲ್ಲಿ ಬರೆಯದೇ ಇದ್ದರೂ ಅದನ್ನು ಹೊತ್ತು ನಿಂತ ನಾಲ್ಕು ತತ್ವಗಳಿವೆ ಎಂದಿತು ಕೋರ್ಟು: ಒಕ್ಕೂಟ ವ್ಯವಸ್ಥೆ, ಪ್ರಜಾಪ್ರಭುತ್ವ, ಕಾನೂನಿನ ಆಳ್ವಿಕೆ, ಅಲ್ಪಸಂಖ್ಯಾತರ ರಕ್ಷಣೆ. ಒಂದನ್ನೇ ಹಿಡಿದು ಇನ್ನೊಂದನ್ನು ತುಳಿಯುವಂತಿಲ್ಲ. 'ಜನ ಮತ ಹಾಕಿದ್ದಾರೆ, ನಾವು ಹೊರಟೆವು' ಎಂದು ಪ್ರಾಂತ್ಯ ಹೇಳುವಂತಿಲ್ಲ. ಹಾಗೇ, 'ಏನಾದರೂ ಮಾಡಿಕೊಳ್ಳಿ, ನಾವು ಮಾತಾಡುವುದಿಲ್ಲ' ಎಂದು ಉಳಿದ ಕೆನಡಾ ಕೂಡ ಹೇಳುವಂತಿಲ್ಲ. ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ ಎಲ್ಲರೂ ಪ್ರಾಮಾಣಿಕವಾಗಿ ಮಾತುಕತೆ ನಡೆಸಲೇಬೇಕು. ಆ ಮಾತುಕತೆ ಮುರಿದು ಬೀಳಲೂಬಹುದು ಎಂದು ಕೋರ್ಟು ಮುಚ್ಚಿಡದೆ ಹೇಳಿತು.

ಅಂತರರಾಷ್ಟ್ರೀಯ ಕಾನೂನಿನ ಉತ್ತರ ಚಿಕ್ಕದು. ವಸಾಹತುಗಳಿಗೆ, ಪರಕೀಯರ ದಬ್ಬಾಳಿಕೆಯಲ್ಲಿ ಇರುವವರಿಗೆ ಬೇರೆಯಾಗುವ ಹಕ್ಕಿದೆ. ಆಡಳಿತದಲ್ಲಿ ಪಾಲೇ ಸಿಗದ ಜನರಿಗೂ ಅದು ಇರಬಹುದು. ಕ್ವಿಬೆಕ್ ಇದರಲ್ಲಿ ಯಾವುದೂ ಅಲ್ಲ. ಆಲ್ಬರ್ಟಾವೂ ಅಲ್ಲ ಎಂದು ಸೇರಿಸಲು ನನಗೇನೂ ಅಳುಕಿಲ್ಲ.

ಇನ್ನು ನಿಮ್ಮ 'ಅರ್ಧ ಮತ್ತು ಒಂದು' ವಿಚಾರ. ಸ್ಪಷ್ಟ ಬಹುಮತ ಎಂದರೆ ಎಷ್ಟು ಎಂದು ಕೋರ್ಟು ಹೇಳಲಿಲ್ಲ. ಅದು ರಾಜಕಾರಣಿಗಳ ಕೆಲಸ ಎಂದು ಬಿಟ್ಟಿತು. 2000ದಲ್ಲಿ ಕೇಂದ್ರ ಸಂಸತ್ತು ಸ್ಪಷ್ಟತಾ ಕಾಯ್ದೆ ತಂದಿತು. ಅದರ ಹಿಂದಿದ್ದವರು ಮಂತ್ರಿ ಸ್ಟೆಫಾನ್ ಡಿಯಾನ್, ಅವರೂ ಕ್ವಿಬೆಕ್‌ನವರೇ. ಪ್ರಾಂತ್ಯ ತನ್ನ ಪ್ರಶ್ನೆಯನ್ನು ಪ್ರಕಟಿಸಿದ 30 ದಿನದೊಳಗೆ ಕೆಳಮನೆ ಅದು ಸ್ಪಷ್ಟವೋ ಅಲ್ಲವೋ ತೀರ್ಮಾನಿಸಬೇಕು. ಪಾಲುದಾರಿಕೆಯಂಥ ಬೇರೆ ಆಯ್ಕೆಗಳನ್ನು ಸೇರಿಸಿ ಕಲಸಿದ ಪ್ರಶ್ನೆ ಸ್ಪಷ್ಟವಲ್ಲ. ಬರೀ ಮಾತುಕತೆಗೆ ಅನುಮತಿ ಕೇಳುವ ಪ್ರಶ್ನೆಯೂ ಸ್ಪಷ್ಟವಲ್ಲ. 1980 ಮತ್ತು 1995ರ ಎರಡು ಪ್ರಶ್ನೆಗಳೂ ಈ ಪರೀಕ್ಷೆಯಲ್ಲಿ ಪಾಸಾಗುತ್ತಿರಲಿಲ್ಲ. ಮತದಾನ ಆದ ಮೇಲೆ ಬಹುಮತದ ಗಾತ್ರ ಎಷ್ಟು, ಅರ್ಹರಲ್ಲಿ ಎಷ್ಟು ಜನ ಬಂದು ಮತ ಹಾಕಿದರು ಎಂಬುದನ್ನು ಕೆಳಮನೆ ತೂಗಿ ನೋಡುತ್ತದೆ. ಶೇಕಡಾ ಇಷ್ಟೇ ಎಂದು ಕಾಯ್ದೆಯಲ್ಲೂ ಬರೆದಿಲ್ಲ. ಅದೇ ವರ್ಷ ಕ್ವಿಬೆಕ್ ತನ್ನದೇ ಕಾಯ್ದೆ ಮಾಡಿ ಅರ್ಧ ಮತ್ತು ಒಂದು ಮತ ಸಾಕು ಎಂದು ಬರೆದುಕೊಂಡಿತು. ಆ ಕಾಯ್ದೆಯನ್ನು ಕೋರ್ಟು ರದ್ದು ಮಾಡಲಿಲ್ಲ. ಆದರೆ ಜನಮತ ಗೆದ್ದ ಮಾತ್ರಕ್ಕೆ ತಾನಾಗಿಯೇ ಹೊರಟುಹೋಗುವ ಹಕ್ಕು ಅದರಿಂದ ಬರುವುದಿಲ್ಲ.

ಅಂಕಿ ಬರೆಯದೆ ಬಿಟ್ಟದ್ದು ತಪ್ಪು ಎಂದು ನನ್ನ ಅನಿಸಿಕೆ. ಆಟ ಮುಗಿದ ಮೇಲೆ ಗೆಲುವಿನ ಗೆರೆ ಎಳೆದರೆ ಸೋತವರು ನಂಬುವುದಿಲ್ಲ. ಸೇಂಟ್ ಕಿಟ್ಸ್ ಮತ್ತು ನೆವಿಸ್ ಎಂಬ ಪುಟ್ಟ ಕೆರಿಬಿಯನ್ ದೇಶದ ಸಂವಿಧಾನ ನೋಡಿ. ನೆವಿಸ್ ದ್ವೀಪ ಬೇರೆಯಾಗಬೇಕಾದರೆ ಮೂರನೇ ಎರಡು ಭಾಗ ಮತ ಬೇಕು ಎಂದು ಮೊದಲೇ ಬರೆದಿದೆ. 1998ರಲ್ಲಿ ಸುಮಾರು ಶೇ. 62 ಜನ ಬೇರೆಯಾಗೋಣ ಎಂದರು. ಸಾಲಲಿಲ್ಲ. ದ್ವೀಪ ಒಕ್ಕೂಟದಲ್ಲೇ ಉಳಿಯಿತು. ನಿಯಮ ಬರೆಯದೆ ಇದ್ದರೆ ಏನಾಗುತ್ತದೆ ಎಂದು ನೋಡಲು ಪಶ್ಚಿಮ ಆಸ್ಟ್ರೇಲಿಯಾ ಇದೆ. 1933ರಲ್ಲಿ ಅಲ್ಲಿ ಮೂವರಲ್ಲಿ ಇಬ್ಬರು ಬೇರೆಯಾಗಲು ಮತ ಹಾಕಿದರು. ಅರ್ಜಿ ಲಂಡನ್‌ಗೆ ಹೋಯಿತು. ಆಸ್ಟ್ರೇಲಿಯಾ ಸರ್ಕಾರವೇ ಕೇಳದೆ ಇದನ್ನು ಸ್ವೀಕರಿಸಲಾಗದು ಎಂದು ಬ್ರಿಟಿಷ್ ಸಂಸತ್ತಿನ ಸಮಿತಿ 1935ರಲ್ಲಿ ಹೇಳಿತು. ವಿಷಯ ಅಲ್ಲಿಗೇ ತಣ್ಣಗಾಯಿತು.

ಈಗ ಆಲ್ಬರ್ಟಾಕ್ಕೆ ಬರೋಣ. ಸ್ಪಷ್ಟ ಪ್ರಶ್ನೆ, ಸ್ಪಷ್ಟ ಬಹುಮತ, ಎರಡೂ ಆಯಿತು ಎಂದುಕೊಳ್ಳಿ. ಆಮೇಲಿನದು ಅವಿಭಕ್ತ ಕುಟುಂಬದ ಆಸ್ತಿ ಪಾಲಿದ್ದ ಹಾಗೆ. ಸಾಲವೂ ಪಾಲಾಗಬೇಕು, ಬಾವಿಗೆ ಹೋಗುವ ದಾರಿಯೂ ತೀರ್ಮಾನವಾಗಬೇಕು. ಕೇಂದ್ರದ ಸಾಲದಲ್ಲಿ ಆಲ್ಬರ್ಟಾ ಎಷ್ಟು ಹೊರಬೇಕು? ಪಿಂಚಣಿ ನಿಧಿಯಲ್ಲಿ ಅದರ ಪಾಲೆಷ್ಟು? ಸಮುದ್ರವೇ ಇಲ್ಲದ ಆಲ್ಬರ್ಟಾದ ತೈಲ ಬ್ರಿಟಿಷ್ ಕೊಲಂಬಿಯಾದ ಮೂಲಕ ಯಾವ ಷರತ್ತಿನ ಮೇಲೆ ಬಂದರಿಗೆ ಹೋಗಬೇಕು? ಆಸ್ತಿ ಮತ್ತು ಸಾಲದ ಹಂಚಿಕೆ, ಗಡಿ, ಮೂಲನಿವಾಸಿಗಳ ಹಕ್ಕು, ಅಲ್ಪಸಂಖ್ಯಾತರ ರಕ್ಷಣೆ, ಇವನ್ನು ಮಾತುಕತೆಯಲ್ಲಿ ಕೈಗೆತ್ತಿಕೊಳ್ಳದೆ ಯಾವ ಮಂತ್ರಿಯೂ ತಿದ್ದುಪಡಿಯನ್ನು ಮಂಡಿಸುವಂತಿಲ್ಲ ಎಂದು ಸ್ಪಷ್ಟತಾ ಕಾಯ್ದೆ ಕಟ್ಟುನಿಟ್ಟಾಗಿ ಹೇಳುತ್ತದೆ. ಗಡಿಯೂ ಆ ಪಟ್ಟಿಯಲ್ಲಿದೆ, ಗಮನಿಸಿ. ಇಡೀ ಆಲ್ಬರ್ಟಾ ಈಗಿನ ಆಕಾರದಲ್ಲೇ ಹೊರಬರುತ್ತದೆ ಎಂದು ಯಾರೂ ಭರವಸೆ ಕೊಟ್ಟಿಲ್ಲ.

ಅದಕ್ಕೆ ದೊಡ್ಡ ಕಾರಣ ಮೂಲನಿವಾಸಿಗಳ ಒಪ್ಪಂದಗಳು. ನೀವಿರುವ ಕ್ಯಾಲ್ಗರಿ 7ನೇ ಒಪ್ಪಂದದ ನೆಲ. 1877ರಲ್ಲಿ ಬ್ಲ್ಯಾಕ್‌ಫುಟ್ ಕ್ರಾಸಿಂಗ್‌ನಲ್ಲಿ ಸಿಕ್ಸಿಕಾ, ಕೈನಾಯ್, ಪಿಕಾನಿ, ಸುಟಿನಾ, ಸ್ಟೋನಿ ನಕೋಡಾ ಜನ ಬ್ರಿಟಿಷ್ ರಾಜಸತ್ತೆಯ ಜೊತೆ ಆ ಒಪ್ಪಂದ ಮಾಡಿಕೊಂಡರು. ಆಗ ಆಲ್ಬರ್ಟಾ ಎಂಬ ಪ್ರಾಂತ್ಯವೇ ಇರಲಿಲ್ಲ. ಅದನ್ನು 1905ರಲ್ಲಿ ಕೇಂದ್ರ ಸಂಸತ್ತು ಒಂದು ಕಾಯ್ದೆ ಮಾಡಿ ಹುಟ್ಟಿಸಿತು. ಪ್ರಾಂತ್ಯಕ್ಕಿಂತ ಹಳೆಯದಾದ, 1982ರ ಸಂವಿಧಾನದ 35ನೇ ಸೆಕ್ಷನ್ ಕಾಪಾಡುವ ಈ ಒಪ್ಪಂದಗಳನ್ನು ಬದಿಗಿಟ್ಟು ಪ್ರಾಂತ್ಯ ಹೊರಡಲಾರದು. ಕ್ವಿಬೆಕ್‌ನಲ್ಲೂ ಇದೇ ಮಾತು ಬಂದಿತ್ತು. 1995ರಲ್ಲಿ ಅಲ್ಲಿನ ಕ್ರೀ ಜನ ತಾವೇ ಒಂದು ಮತದಾನ ನಡೆಸಿದರು. ಶೇ. 96 ಜನ, ನಮ್ಮನ್ನು ಕೇಳದೆ ನಮ್ಮನ್ನೂ ನಮ್ಮ ನೆಲವನ್ನೂ ಕೆನಡಾದಿಂದ ಕೀಳಬೇಡಿ ಎಂದರು. ಈ ಮಾತಿನ ತೂಕ ಊಟದ ಮೇಜಿನ ಚರ್ಚೆಗಳಲ್ಲಿ ಕಾಣುವುದೇ ಇಲ್ಲ, ಅಲ್ವಾ?

ಎಲ್ಲ ಒಪ್ಪಿಗೆ ಆದ ಮೇಲೂ ಸಂವಿಧಾನ ತಿದ್ದುಪಡಿ ಬಾಕಿ ಇರುತ್ತದೆ. ಯಾವ ಸೂತ್ರದಲ್ಲಿ ಎಂದು ಕೋರ್ಟು ತೀರ್ಮಾನಿಸದೆ ಬಿಟ್ಟಿದೆ. ಸಾಮಾನ್ಯ ಸೂತ್ರ ಎಂದರೆ ಜನಸಂಖ್ಯೆಯ ಅರ್ಧವಾದರೂ ಇರುವ ಏಳು ಪ್ರಾಂತ್ಯಗಳ ಒಪ್ಪಿಗೆ. ಆದರೆ ಪ್ರಾಂತ್ಯವೊಂದು ಹೊರಟರೆ ಅಲ್ಲಿ ರಾಜಸತ್ತೆಯ ಪ್ರತಿನಿಧಿಯ ಹುದ್ದೆಯೇ ಹೋಗುತ್ತದೆ. ಆ ಹುದ್ದೆ ಮುಟ್ಟಲು ಹತ್ತೂ ಪ್ರಾಂತ್ಯಗಳು ಒಪ್ಪಬೇಕು. ಹಾಗಾಗಿ ಹತ್ತೂ ಬೇಕಾಗುತ್ತದೆ ಎಂಬ ವಾದವೇ ನನಗೆ ಸರಿ ಕಾಣುತ್ತದೆ.

ಪಿಆರ್ ವಿಚಾರ. ನಿಮ್ಮ ಕಾರ್ಡು ಕೊಟ್ಟದ್ದು ಕೇಂದ್ರ ಸರ್ಕಾರ. ಅದನ್ನು ಪ್ರಾಂತ್ಯ ಕಿತ್ತುಕೊಳ್ಳಲಾರದು. ಜನಮತದಲ್ಲಿ ನಿಮಗೆ ಮತ ಇರುವುದಿಲ್ಲ, ಅದು ನಾಗರಿಕರಿಗೆ ಮಾತ್ರ. ಒಂದು ವೇಳೆ ನಿಜವಾಗಿಯೂ ಬೇರೆಯಾದರೆ ನಿಮಗೆ ಬಿಸಿ ತಟ್ಟುವ ಜಾಗ ಬೇರೆಯೇ ಇದೆ. ಪಿಆರ್ ಉಳಿಯಲು ಐದು ವರ್ಷದಲ್ಲಿ 730 ದಿನ ಕೆನಡಾದ ಒಳಗೆ ಇರಬೇಕು. ಕ್ಯಾಲ್ಗರಿ ಕೆನಡಾದ ಹೊರಗಾದ ದಿನದಿಂದ ಅಲ್ಲಿ ಕಳೆದ ದಿನ ತಾನಾಗಿಯೇ ಲೆಕ್ಕಕ್ಕೆ ಬರುವುದಿಲ್ಲ. ಬರಬೇಕಾದರೆ ಮಾತುಕತೆಯಲ್ಲಿ ಯಾರಾದರೂ ಅದನ್ನು ಕೇಳಿ ಬರೆಸಬೇಕು.

ಸೇರಿದ್ದು ಹೇಗೆ ಎಂದು ಕೇಳಿದಿರಿ. ಬ್ರಿಟಿಷ್ ಕೊಲಂಬಿಯಾ 1871ರಲ್ಲಿ ಬಂದದ್ದು ಹತ್ತು ವರ್ಷದಲ್ಲಿ ರೈಲು ಮುಟ್ಟಿಸುತ್ತೇವೆ ಎಂಬ ಮಾತಿನ ಮೇಲೆ. ರೈಲು ತಡವಾದಾಗ ಬಿಟ್ಟು ಹೋಗುತ್ತೇವೆ ಎಂದು ಅಲ್ಲಿನ ಶಾಸನಸಭೆ ಬೆದರಿಸಿತು. ಹಳಿಗೆ ಕಡೆಯ ಮೊಳೆ ಹೊಡೆದದ್ದು 1885ರಲ್ಲಿ. ಪ್ರಿನ್ಸ್ ಎಡ್ವರ್ಡ್ ದ್ವೀಪ 1873ರಲ್ಲಿ ಸೇರಿದಾಗ ಹಡಗಿನ ಸಂಪರ್ಕ ಸದಾ ಇರಬೇಕು ಎಂದು ಬರೆಸಿಕೊಂಡಿತು. 1990ರ ದಶಕದಲ್ಲಿ ಸೇತುವೆ ಕಟ್ಟುವಾಗ ಹಡಗಿನ ಬದಲು ಸೇತುವೆ ಎಂದು ಸಂವಿಧಾನವನ್ನೇ ತಿದ್ದಬೇಕಾಯಿತು. ಸೇರುವಾಗಿನ ಷರತ್ತು ಸಂವಿಧಾನದ ಭಾಗವೇ ಆಗಿಬಿಡುತ್ತದೆ.

ನ್ಯೂಫೌಂಡ್‌ಲ್ಯಾಂಡ್ ಕತೆ ಇನ್ನೂ ಚೆನ್ನಾಗಿದೆ. 1869ರಲ್ಲೇ ಒಮ್ಮೆ ಬೇಡ ಎಂದಿದ್ದ ದ್ವೀಪ ಅದು. 1930ರ ದಶಕದಲ್ಲಿ ಸಾಲದಲ್ಲಿ ಮುಳುಗಿ ತನ್ನ ಶಾಸನಸಭೆಯನ್ನೇ ಬದಿಗಿಟ್ಟು ಲಂಡನ್ ನೇಮಿಸಿದ ಆಯೋಗದ ಕೈಗೆ ಹೋಯಿತು. 1948ರ ಜೂನ್‌ನಲ್ಲಿ ಮೂರು ಆಯ್ಕೆ ಇಟ್ಟು ಮತ ಕೇಳಿದರು. ಯಾರಿಗೂ ಅರ್ಧ ಬರಲಿಲ್ಲ. ಸ್ವಂತ ಸರ್ಕಾರ ಬೇಕು ಎಂದವರೇ ಮುಂದಿದ್ದರು. ಜುಲೈನಲ್ಲಿ ಎರಡೇ ಆಯ್ಕೆ ಇಟ್ಟು ಮತ್ತೆ ಕೇಳಿದರು. ಕೆನಡಾ ಸೇರೋಣ ಎಂದವರು ಶೇ. 52.3. ಸುಮಾರು ಏಳು ಸಾವಿರ ಮತಗಳ ಅಂತರದಲ್ಲಿ ಒಂದು ದೇಶ ಪ್ರಾಂತ್ಯವಾಯಿತು. ಸೇರುವಾಗ ಶೇ. 52 ಸಾಕಾಯಿತು, ಹೋಗುವಾಗ ಯಾಕೆ ಸಾಲದು ಎಂದು ಕ್ವಿಬೆಕ್‌ನವರು ಇವತ್ತಿಗೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ ಅದು. ಸೇರ್ಪಡೆಯ ಷರತ್ತುಗಳಲ್ಲಿ 46ನೆಯದು ಬೆಣ್ಣೆಯ ಬದಲು ಬಳಸುವ ಮಾರ್ಗರೀನ್ ಬಗ್ಗೆ! ಕೆನಡಾದಲ್ಲಿ ಹಾಲಿನ ರೈತರನ್ನು ಉಳಿಸಲು ಮಾರ್ಗರೀನ್‌ಗೆ ನಿಷೇಧ ಇತ್ತು. ದ್ವೀಪದ ಬಡವರು ಬ್ರೆಡ್ಡಿಗೆ ಹಚ್ಚುತ್ತಿದ್ದುದೇ ಅದನ್ನು. ನಮ್ಮಲ್ಲಿ ಅದನ್ನು ಮಾಡುವುದನ್ನೂ ಮಾರುವುದನ್ನೂ ತಡೆಯಬಾರದು ಎಂದು ಬರೆಸಿಕೊಂಡೇ ಸೇರಿದರು.

1982ರ ನಂತರ ಹೊಸ ಪ್ರಾಂತ್ಯ ಮಾಡುವುದೂ ಕಷ್ಟವಾಗಿದೆ. ಯುಕಾನ್ ನಾಳೆ ಪ್ರಾಂತ್ಯವಾಗಬೇಕಾದರೂ ಏಳು ಪ್ರಾಂತ್ಯಗಳ ಒಪ್ಪಿಗೆ ಬೇಕು.

ಇನ್ನು ನಮ್ಮ ದೇಶ. ಭಾರತದ ಸಂವಿಧಾನದಲ್ಲಿ ಬಿಟ್ಟು ಹೋಗುವ ದಾರಿ ಇಲ್ಲ. 1948ರ ನವೆಂಬರ್ 4ರಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಇದನ್ನು ಬಿಡಿಸಿ ಹೇಳಿದರು. ಈ ಒಕ್ಕೂಟ ರಾಜ್ಯಗಳ ನಡುವಿನ ಒಪ್ಪಂದದಿಂದ ಆದದ್ದಲ್ಲ, ಹಾಗಾಗಿ ಯಾವ ರಾಜ್ಯಕ್ಕೂ ಬಿಟ್ಟು ಹೋಗುವ ಹಕ್ಕಿಲ್ಲ. ಅಮೆರಿಕನ್ನರು ಅಂತರ್ಯುದ್ಧ ಮಾಡಿ ಸ್ಥಾಪಿಸಬೇಕಾದದ್ದನ್ನು ನಾವು ಮೊದಲೇ ಸ್ಪಷ್ಟಪಡಿಸೋಣ ಎಂಬುದು ಅವರ ಮಾತಿನ ತಿರುಳು.

ಹಾಗಂತ ಒಪ್ಪಂದವೇ ಇರಲಿಲ್ಲ ಎಂದಲ್ಲ. 1947ರ ಆಗಸ್ಟ್‌ನಲ್ಲಿ ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಸಹಿ ಹಾಕಿದ ಸೇರ್ಪಡೆ ಪತ್ರ ಬಿಟ್ಟುಕೊಟ್ಟದ್ದು ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಎಂಬ ಮೂರೇ ವಿಷಯ. ಅಂಥ ಪತ್ರಗಳ 7ನೇ ಕಲಮು, ಮುಂದೆ ಬರುವ ಭಾರತ ಸಂವಿಧಾನವನ್ನು ಒಪ್ಪಲೇಬೇಕೆಂಬ ಕಟ್ಟುಪಾಡು ತನಗಿಲ್ಲ ಎಂದು ಅರಸನ ಬಾಯಲ್ಲಿ ಹೇಳಿಸುತ್ತದೆ. 1949ರ ನವೆಂಬರ್‌ನಲ್ಲಿ ಮಹಾರಾಜರು ಇನ್ನೊಂದು ಘೋಷಣೆ ಹೊರಡಿಸಿ ಆ ಸಂವಿಧಾನವನ್ನು ಒಪ್ಪಿಕೊಂಡರು. ಷರತ್ತಿನ ಕಾಗದಕ್ಕೆ ಆ ಹೊತ್ತಿಗೆ ಜೀವ ಹೋಯಿತು. ಕೆನಡಾದಲ್ಲಿ ಮಾರ್ಗರೀನ್ ಷರತ್ತೂ ಸಂವಿಧಾನದೊಳಗೆ ಬಂದರೆ, ಇಲ್ಲಿ ಸಂವಿಧಾನ ಬಂದು ಷರತ್ತನ್ನು ನುಂಗಿತು. ಎರಡು ದೇಶಗಳಿಗೂ ಇರುವ ನಿಜವಾದ ವ್ಯತ್ಯಾಸ ಇಲ್ಲಿದೆ.

ಒಳಗೆ ಬರಲು 2ನೇ ವಿಧಿ ಇದೆ. ಸಿಕ್ಕಿಂ ಬಂದ ದಾರಿ ಮಾತ್ರ ಸ್ವಲ್ಪ ಸುತ್ತು. 35ನೇ ತಿದ್ದುಪಡಿ ಅದನ್ನು ಮೊದಲು ಸಹ ರಾಜ್ಯ ಮಾಡಿತು. 1975ರ ಏಪ್ರಿಲ್ 14ರ ಜನಮತದಲ್ಲಿ 59,637 ಜನ ಅರಸೊತ್ತಿಗೆ ಹೋಗಲಿ, ಭಾರತ ಸೇರೋಣ ಎಂದರು, 1,496 ಜನ ಬೇಡ ಎಂದರು. 36ನೇ ತಿದ್ದುಪಡಿಯಿಂದ ಅದು ಪೂರ್ಣ ರಾಜ್ಯವಾಯಿತು. ಒಳಗಿನ ಗಡಿ ಬದಲಿಸಲು 3ನೇ ವಿಧಿ. ಅಲ್ಲಿ ಸಂಸತ್ತಿನ ಸಾಮಾನ್ಯ ಬಹುಮತ ಸಾಕು. ರಾಜ್ಯದ ಶಾಸನಸಭೆಯನ್ನು ಕೇಳಬೇಕು, ಆದರೆ ಅದರ ಮಾತು ನಡೆಯಲೇಬೇಕೆಂದಿಲ್ಲ. 2014ರ ಜನವರಿಯಲ್ಲಿ ಆಂಧ್ರ ಶಾಸನಸಭೆ ವಿಭಜನೆ ಮಸೂದೆಯನ್ನು ತಿರಸ್ಕರಿಸಿತು. ಫೆಬ್ರುವರಿಯಲ್ಲಿ ಸಂಸತ್ತು ಅದನ್ನು ಪಾಸು ಮಾಡಿತು. ಜೂನ್ 2ಕ್ಕೆ ತೆಲಂಗಾಣ ಹುಟ್ಟಿತು. ಕೆನಡಾದಲ್ಲಿ ಇದನ್ನು ಊಹಿಸಲೂ ಆಗದು. ಇಷ್ಟು ಅಧಿಕಾರ ಒಂದೇ ಕಡೆ ಇರುವುದು ನನಗೆ ಸರಿ ಕಾಣುವುದಿಲ್ಲ, ಆದರೆ ಕಾನೂನು ಇರುವುದು ಹಾಗೆ.

ಬೇರೆಯಾಗುವ ಮಾತು ನಮ್ಮಲ್ಲೂ ಎದ್ದಿತ್ತು. ದ್ರಾವಿಡ ನಾಡಿನ ಕೂಗು ಮೂಲದಲ್ಲಿ ಕನ್ನಡದ ನೆಲವನ್ನೂ ಸೇರಿಸಿಕೊಂಡಿತ್ತು. 1963ರ 16ನೇ ತಿದ್ದುಪಡಿ ಚುನಾವಣೆಗೆ ನಿಲ್ಲುವವರಿಂದಲೇ ದೇಶದ ಸಾರ್ವಭೌಮತೆ ಮತ್ತು ಅಖಂಡತೆ ಕಾಪಾಡುವ ಪ್ರಮಾಣ ಮಾಡಿಸಿತು. ಅದೇ ವರ್ಷ ಡಿಎಂಕೆ ಆ ಬೇಡಿಕೆಯನ್ನು ಕೈಬಿಟ್ಟಿತು.

ದೇಶದ ನೆಲವನ್ನು ಬೇರೆಯವರಿಗೆ ಕೊಡಬಹುದೇ? ಕೊಡಬಹುದು, ಆದರೆ ಸಂವಿಧಾನ ತಿದ್ದುಪಡಿ ಬೇಕು. ಪಶ್ಚಿಮ ಬಂಗಾಳದ ಬೇರುಬಾರಿಯ ಅರ್ಧ ಭಾಗವನ್ನು ಪಾಕಿಸ್ತಾನಕ್ಕೆ ಕೊಡಲು 1958ರಲ್ಲಿ ನೆಹರೂ ಒಪ್ಪಿದಾಗ, 3ನೇ ವಿಧಿಯಿಂದ ಅದು ಆಗದು ಎಂದು 1960ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತಿದ್ದುಪಡಿ ಆಯಿತು, ಆದರೂ ಆ ನೆಲ ಕೈ ಬದಲಾಗಲೇ ಇಲ್ಲ. 2015ರಲ್ಲಿ ಬಾಂಗ್ಲಾದೇಶದ ಜೊತೆ ಗಡಿಯಾಚೆ ಸಿಕ್ಕಿಕೊಂಡ ತುಣುಕು ಊರುಗಳ ಅದಲುಬದಲು ನಡೆದದ್ದು 100ನೇ ತಿದ್ದುಪಡಿಯಿಂದ. ನಮ್ಮ 111 ತುಣುಕು ಅವರಿಗೆ ಹೋದವು, ಅವರ 51 ನಮಗೆ ಬಂದವು. ಅಲ್ಲಿದ್ದ ಪ್ರತಿಯೊಬ್ಬರಿಗೂ ಯಾವ ದೇಶದ ಪೌರತ್ವ ಬೇಕು ಎಂದು ಆರಿಸಿಕೊಳ್ಳಲು ಬಿಟ್ಟರು. ಆಲ್ಬರ್ಟಾದ ಮಾತುಕತೆ ಎಂದಾದರೂ ಶುರುವಾದರೆ ನೀವು ಕಣ್ಣಿಟ್ಟು ನೋಡಬೇಕಾದದ್ದು ಇಂಥದೊಂದು ಕಲಮು ಅದರಲ್ಲಿ ಇದೆಯೋ ಇಲ್ಲವೋ ಎಂಬುದನ್ನು, ಅದು ನಾಗರಿಕರಿಗೆ ಮಾತ್ರವೋ ಪಿಆರ್‌ಗಳಿಗೂ ಸೇರಿಯೋ ಎಂಬುದನ್ನು.